ಬೀಗರ ಮುಂದೆ ಆಡಿದ ಮಾತು

ನಮ್ಮ ಸಂಸ್ಥೆಗೆ ನೆರವು ಕೊಡುವ ಕಂಪನಿಯವರಿಗೆ ನಾವಿಟ್ಟ ಹೆಸರು ಬೀಗರು. ಅವರ ಎದುರಿಗೆ ಅಲ್ಲ, ನಮ್ಮನಮ್ಮಲ್ಲಿ. "ನಾಳೆ ಬೀಗರು ಬರಾಕತ್ತಾರ, ಅಂಗಳ ತೊಳಸ್ರಿ" ಎಂದು ನಮ್ಮ ಸರ್ ಹೇಳಿದರೆ ಶಿಗ್ಗಾವಿಯ ಕೇಂದ್ರದಲ್ಲಿ ಎಲ್ಲರೂ ಕಿಸಕ್ಕನೆ ನಗುತ್ತಿದ್ದೆವು, ನಕ್ಕ ಮೇಲೆ ನಿಜವಾಗಿಯೇ ಕಸಬರಿಗೆ ಹಿಡಿಯುತ್ತಿದ್ದೆವು. ಇದರಲ್ಲಿ ಹೆಣ್ಣು ಕೊಟ್ಟವರು ಯಾರು, ತಂದುಕೊಂಡವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಆದರೆ ಸಂಬಂಧ ಹಳೆಯದು. ಬೇರೆ ಕಂಪನಿಗಳು ಒಂದು ವರ್ಷ ನೆರವು ಕೊಟ್ಟು, ಫೋಟೋ ತೆಗೆಸಿಕೊಂಡು, ಮರುವರ್ಷ ಫೋನೇ ಎತ್ತುವುದಿಲ್ಲ. ಇವರು ಹಾಗಲ್ಲ. ವರ್ಷ ವರ್ಷವೂ ಬಂದರು, ಕೂತರು, ಕೇಳಿದರು, ಮುಂದುವರಿಸಿದರು. ಆದರೂ ಪ್ರತಿ ಸಲ ನಮಗೆ ಅದೇ ಚಿಂತೆ: ಈ ಸಲ ಸಂಬಂಧ ಮುರಿದರೆ? ಬೀಗರು ಎಂಬ ಆ ಹೆಸರು ನೆನೆದರೆ ಈಗ ನನಗೆ ನಗು ಬರುವುದಿಲ್ಲ.

ಹುಟ್ಟಿನಿಂದಲೇ ಕೈಕಾಲು ಬಿಗಿಯಾದ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಕೇಂದ್ರ ನಮ್ಮದು. ಕೇಂದ್ರ ಇರುವುದು ಶಿಗ್ಗಾವಿಯಲ್ಲಿ, ಮಕ್ಕಳಿರುವುದು ಎಲ್ಲೆಲ್ಲೋ. ಅವರನ್ನು ಕರೆತರಲು ಕಂಪನಿ ಕೊಟ್ಟದ್ದು ಒಂದು ಬಿಳಿ ಗಾಡಿ. ಒಂದು ದಿನ ಹಾನಗಲ್ ಕಡೆ, ಒಂದು ದಿನ ಸವಣೂರು, ಒಂದು ದಿನ ಹಿರೇಕೆರೂರಿನಿಂದ ಅಬಲೂರಿನವರೆಗೆ, ಒಂದು ದಿನ ತಡಸ-ದುಂಡಸಿ. ಗಾಡಿಯ ಮೈಮೇಲೆ ಕಂಪನಿಯ ಹೆಸರು ದೊಡ್ಡದಾಗಿ, ನಮ್ಮ ಹೆಸರು ಹಿಂದಿನ ಬಾಗಿಲ ಮೇಲೆ ಸಣ್ಣದಾಗಿ ಇತ್ತು. ಸೀಟುಗಳನ್ನು ಕಿತ್ತು ಹಾಸಿಗೆ ಹಾಕಿಸಿದ್ದರು. ಕಾಲು ಮಡಚಲಾಗದ ಮಕ್ಕಳು ಅದರಲ್ಲಿ ಮಲಗಿಕೊಂಡೇ ಬರುತ್ತಿದ್ದರು.

ಗಾಡಿಯ ಜತೆ ಹೋಗುವವಳು ನಾನು. ಮನೆಮನೆಗೆ ಹೋಗಿ ತಾಯಂದಿರ ಹತ್ತಿರ ಮಾತಾಡುವುದು, ಬಾರದವರನ್ನು ಬೈದು ಕರೆತರುವುದು, ಕಂಪನಿಯವರು ಬಂದಾಗ ಇವರ ಮಾತು ಅವರಿಗೆ ತಿಳಿಸುವುದು ನನ್ನ ಕೆಲಸ. ಸವಣೂರಿನವಳು ನಾನು, ವೀಳ್ಯದೆಲೆ ವ್ಯಾಪಾರದವರ ಮಗಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಹೀಗಾಗಿ ಹಿಂದಿ ನನಗೆ ಪಕ್ಕದ ಮನೆಯಿದ್ದ ಹಾಗೆ. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಅದನ್ನು ನಾನು ಹೊಗಳಿಕೆ ಅಂತಲೇ ತಿಳಿದಿದ್ದೆ.

ದುಂಡಸಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮೊದಲ ಸಲ ನೋಡಿದಾಗ ಕೌದಿಯ ಮೇಲೆ ಅಂಗಾತ ಮಲಗಿ ಮಾಡಿನ ತಗಡು ನೋಡುತ್ತಿದ್ದಳು. ಎತ್ತಿದರೆ ಕಾಲೆರಡೂ ಕತ್ತರಿಯ ಹಾಗೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತಿದ್ದವು. ಮಾತು ತೊದಲು, ಆದರೆ ತಲೆ ಚುರುಕು. ನಾನು ಗಾಡಿ ಡ್ರೈವರನನ್ನು ಬೈಯುವಾಗ ಹಿಂದಿನಿಂದ ಗೊರಗೊರ ನಗುತ್ತಿದ್ದಳು. ಅವಳು ನಗಲಿ ಎಂದೇ ಆ ಬಡಪಾಯಿಯನ್ನು ಒಂದೆರಡು ಮಾತು ಹೆಚ್ಚು ಬೈದದ್ದೂ ಉಂಟು.

ಅವಳ ಅವ್ವ ಸಣಕಲು ಹೆಂಗಸು, ಕೈಕಾಲು ಮಾತ್ರ ಮಿಂಚು. ಮೆಕ್ಕೆಜೋಳ ಮುರಿಯಲು, ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಗಂಡ ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ, ಅಮಾವಾಸ್ಯೆಗೊಮ್ಮೆ ಬರುತ್ತಿದ್ದ. ನಾನು ಹೋದರೆ ನೇರವಾಗಿ ಒಲೆಯ ಹತ್ತಿರ, ನೆಲದ ಮೇಲೆ ಕೂಡುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಲೇ ಚಹಾ ಸೋಸಿ, ಅಂಚು ತಗ್ಗಾದ ತನ್ನ ಸ್ಟೀಲ್ ಲೋಟವನ್ನೇ ನನ್ನ ಕಡೆ ಸರಿಸುತ್ತಿದ್ದಳು. ಅಲ್ಲಿ ಕೂತು ನಾನು ಏನೇನು ಕೇಳಿಲ್ಲ! ಅತ್ತೆಯ ಚುಚ್ಚುಮಾತು, ಗಂಡನ ಬೆನ್ನುನೋವು, "ಈ ಹುಡುಗಿನ್ನ ಹಡದೀನಂತ ನನ್ನ ತವರಾಗೂ ಕರಿಯಂಗಿಲ್ರೀ ಅಕ್ಕಾರ" ಎಂಬುದು. ಅಳುತ್ತಿರಲಿಲ್ಲ. ರೊಟ್ಟಿ ತಿರುವಿ ಹಾಕುತ್ತಾ ಹೇಳುತ್ತಿದ್ದಳು.

ಆ ಹುಡುಗಿ ಮೆಲ್ಲಗೆ ಕೂತಳು. ಆಮೇಲೆ ಕೇಂದ್ರದ ಎರಡು ಕಂಬಿಗಳ ನಡುವೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು, ನಿಂತಳು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಆತುಕೊಂಡಳು. ನಾನು ಜೋರಾಗಿ ಅತ್ತೆ, ನನಗೇನು ನಾಚಿಕೆ. ಆದರೆ ಆಗಲೇ ಒಂದು ಮಳೆಗಾಲ ನಾವು ನೋಡಿ ಆಗಿತ್ತು. ಗಾಡಿ ಕೆಟ್ಟು ಗ್ಯಾರೇಜು ಸೇರಿ, ಹುಡುಗಿ ಮನೆಯಲ್ಲೇ ಉಳಿದು, ಮತ್ತೆ ಬರುವಷ್ಟರಲ್ಲಿ ಮಡಚಲು ಕಲಿತಿದ್ದ ಮೊಣಕಾಲು ಕಟ್ಟಿಗೆಯಾಗಿತ್ತು. ವ್ಯಾಯಾಮದ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಈಗ ಎತ್ತರ ಆಗೋ ವಯಸ್ಸು. ಇನ್ನೊಮ್ಮೆ ಹಿಂಗ ಬಿಟ್ಟುಹೋದ್ರ ಈಕಿ ನಿಲ್ಲೂದು ಮರತಬಿಡ್ರಿ." ಗಾಡಿ ಇದ್ದರೆ ಹುಡುಗಿ ನಿಲ್ಲುತ್ತಾಳೆ, ಇಲ್ಲದಿದ್ದರೆ ಮತ್ತೆ ತಗಡು ನೋಡುತ್ತಾ ಮಲಗುತ್ತಾಳೆ. ಅಷ್ಟೇ ಲೆಕ್ಕ. ಇಷ್ಟು ಗೊತ್ತಿದ್ದೂ ನಾನು ಮಾಡಿದ್ದು ನೋಡಿ.

ಕಂಪನಿಯಿಂದ ಬರುವವರು ಒಬ್ಬ ಮೇಡಂ, ಕನ್ನಡ ಬಾರದವರು. ಒಳ್ಳೆಯವರು, ಅದನ್ನು ಮುಚ್ಚಿಟ್ಟರೆ ಪಾಪ ಬರುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಬರುವವರು, ಮಕ್ಕಳ ಹೆಸರು ಮರೆಯದವರು, ಕೊಟ್ಟದ್ದನ್ನು ತಿನ್ನುವವರು. ಈ ಸಲ ದುಂಡಸಿಗೆ, ಆ ಹುಡುಗಿಯ ಮನೆಗೇ ಹೋಗಬೇಕು ಎಂದರು. ಹಿಂದಿನ ದಿನ ನಾನು ಸುದ್ದಿ ಹೇಳಲು ಹೋದೆ. ಒಲೆಯ ಪಕ್ಕ ಕೂತು ಹೇಳಿದೆ: "ನಾಳೆ ಮೇಡಮ್ಮಾರು ಬರ್ತಾರವಾ. ಅಳೂದು ಕರಿಯೂದು ಮಾಡಬ್ಯಾಡ ಮತ್ತ. ಇಷ್ಟ ವರ್ಷ ಮಾಡ್ಯಾರ, ನಿಮ್ಮನ್ನ ನೋಡಿ ಅವರಿಗೂ ಸಮಾಧಾನ ಆಗಬೇಕು."

"ಅಯ್ಯ, ನನಗ ಅಷ್ಟೂ ತಿಳಿಯಂಗಿಲ್ಲೇನ್ರೀ?" ಎಂದಳು. "ಮನಿಗೆ ಬಂದವರ ಮುಂದ ಅಳಾಕ ನನಗೇನ್ ಬ್ಯಾನಿ ಬಂದೈತಿ?"

ನನಗೆ ಖುಷಿಯಾಯಿತು. ನಾನು ಬೆಳೆದದ್ದೂ ಹಾಗೆಯೇ. ಸವಣೂರಿನ ನಮ್ಮ ಮನೆಗೆ ಮೆಹಮಾನರು ಬಂದರೆ ಅಮ್ಮಿ ಮುಂಬಾಗಿಲಲ್ಲಿ ನಗುತ್ತಾ ನಿಂತು, ಬೆನ್ನ ಹಿಂದೆ ಕೈಸನ್ನೆ ಮಾಡಿ ನನ್ನನ್ನು ಹಿತ್ತಲಿನಿಂದ ಓಡಿಸುತ್ತಿದ್ದಳು. ಪಕ್ಕದ ಮನೆಯ ಸಕ್ಕರೆ, ಎದುರು ಮನೆಯ ತಟ್ಟೆ, ಅದರಾಚೆ ಮನೆಯ ಕುರುಕಲು ಖಾರ, ಎಲ್ಲವೂ ನನ್ನ ಓಢಣಿಯೊಳಗೆ ಅಡಗಿ ಹಿತ್ತಲಿನಿಂದಲೇ ಒಳಗೆ ಬರುತ್ತಿದ್ದವು. ಮೆಹಮಾನರು "ಎಲ್ಲ ಖೈರಿಯತ್ತೇ?" ಎಂದು ಕೇಳಿದರೆ ಅಬ್ಬಾ ಎದೆಯುಬ್ಬಿಸಿ "ಅಲ್ಲಾನ ದಯೆ, ಏನೂ ಕಮ್ಮಿಯಿಲ್ಲ" ಎನ್ನುತ್ತಿದ್ದರು. ಹೋದ ಮೇಲೆ ಅಮ್ಮಿ ತಟ್ಟೆ ತೊಳೆದು ನನ್ನ ಕೈಗೆ ಕೊಡುತ್ತಿದ್ದಳು. ಇದು ಸುಳ್ಳು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಈಗಲೂ ಪೂರ್ತಿ ಅನ್ನಿಸುವುದಿಲ್ಲ, ಅದೇ ನನ್ನ ಸಂಕಟ.

ಮರುದಿನ ನಾವು ಹೋದಾಗ ಆ ಮನೆ ನನಗೇ ಗುರುತು ಸಿಗಲಿಲ್ಲ. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಬಾಗಿಲ ಹತ್ತಿರ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿ. ಹುಡುಗಿಗೆ ದೀಪಾವಳಿಯ ಫ್ರಾಕು ತೊಡಿಸಿ, ಹಣೆಗೆ ದೊಡ್ಡ ಬೊಟ್ಟಿಟ್ಟು, ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದಳು. "ಬರ್ರಿ ಬರ್ರಿ, ಕುಂದರ್ರಿ" ಎಂದು ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದುಕೊಂಡು ಬಂದಳು. ಆಮೇಲೆ ಒಗ್ಗರಣೆ ಹಾಕಿದ ಚುರುಮುರಿ, ಮಿರ್ಚಿ, ಹೂವಿನ ಚಿತ್ರವಿದ್ದ ಕಪ್ಪು-ಬಸಿಯಲ್ಲಿ ಚಹಾ. ಕಪ್ಪು-ಬಸಿಯೂ ಕುರ್ಚಿಯೂ ಎದುರು ಮನೆಯವು. ನಾನು ಅವಳ ಕಡೆ ನೋಡಿ ಹುಬ್ಬು ಹಾರಿಸಿದೆ. ಅವಳು ನಗು ತಡೆದುಕೊಂಡಳು.

ಮೇಡಂ ಕೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ: "ಅಕಸ್ಮಾತ್ ಗಾಡಿ ಇರಲಿಲ್ಲಂದ್ರ ಏನ್ ಮಾಡ್ತೀರಿ ಅಂತ ಕೇಳ್ತಾರ."

"ಏನೂ ತೊಂದ್ರಿ ಇಲ್ರಿ" ಎಂದಳು ಅವಳು, ಒಂದು ಕ್ಷಣವೂ ತಡಮಾಡದೆ. "ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಿ. ಕುಂತಗೊಂಡು ಆರಾಮ ಬರ್ತೇವ್ರಿ. ನಿಮ್ಮ ದಯಾದಿಂದ ನಮಗೇನೂ ಕೊರತಿ ಇಲ್ರಿ."

ಇಲ್ಲಿ ನಾನು ಸುಮ್ಮನೆ ಅಷ್ಟನ್ನೇ ಹೇಳಿದ್ದರೂ ಒಂದು ಮಾತು. ನಾನು ಅದಕ್ಕೆ ನನ್ನದೂ ಒಂದು ಕುಚ್ಚು ಕಟ್ಟಿದೆ. ಈ ಕುಟುಂಬ ನಿಮ್ಮ ನೆರವಿನಿಂದ ಎಷ್ಟು ಗಟ್ಟಿಯಾಗಿದೆ ನೋಡಿ, ಇನ್ನು ಇವರಿಗೆ ಯಾರ ಹಂಗೂ ಇಲ್ಲ ಎಂದೆ. ಒಳ್ಳೆಯ ಹಿಂದಿಯಲ್ಲಿ, ರಾಗವಾಗಿ. ಮೇಡಂ ನಿಜವೇ ಎಂದು ಇನ್ನೊಮ್ಮೆ ಕೇಳಿದರು. ನಾನು ಅವಳನ್ನು ಕೇಳುವ ಗೋಜಿಗೂ ಹೋಗದೆ ತಲೆಯಾಡಿಸಿದೆ. ಮೇಡಂ ಕಣ್ಣಲ್ಲಿ ನೀರು ಬಂತು. ಬೀಗರು ಸಂತೋಷವಾಗಿ ಹೋದರು, ಮರ್ಯಾದೆ ಉಳಿಯಿತು, ಎದುರು ಮನೆಗೆ ಕಪ್ಪು-ಬಸಿ ವಾಪಸ್ಸು ಮಾಡಲು ಅವಳ ಜತೆ ನಾನೇ ಹೋದೆ.

ಕೆಲವು ದಿನಗಳಾದ ಮೇಲೆ ಸರ್ ನನ್ನನ್ನು ಒಳಗೆ ಕರೆದರು. ಮುಖ ಒಂಥರಾ ಇತ್ತು. ಕಂಪನಿಯವರು ಅಭಿನಂದನೆ ಹೇಳಿದ್ದಾರೆ ಎಂದರು. ಈ ಭಾಗದ ಕುಟುಂಬಗಳು ತಮ್ಮ ಕಾಲ ಮೇಲೆ ತಾವು ನಿಂತಿವೆ, ಕೇಂದ್ರದ ನೆರವು ಮುಂದುವರಿಯುತ್ತದೆ, ಗಾಡಿಯನ್ನು ಮಾತ್ರ ಹೆಚ್ಚು ಕಷ್ಟವಿರುವ ಬೇರೆ ಜಿಲ್ಲೆಗೆ ಒಯ್ಯುತ್ತಾರಂತೆ, ಬರುವ ತಿಂಗಳಿಂದ.

ನನ್ನ ಬಾಯಿಗೆ ಬಂದದ್ದು ಸಿಟ್ಟು. "ಕಾಲ ಮ್ಯಾಲ ನಿಂತಾರಂತ? ನಿಂತ ಕಾಲು ಎಲ್ಲಿ ಅದಾವ ತೋರಸಂತ ಹೇಳ್ರಿ ಸರ್! ಕುರುಡರೇನು ಅವರು?"

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಾರ, ಬಸ್ಸಿನ್ಯಾಗ ಬರ್ತೇವಿ ಅಂತ ನೀವ ಹೇಳಿದ್ರಂತಲ್ರೀ" ಎಂದರು. ಬೈದಿದ್ದರೆ ವಾಸಿಯಿತ್ತು, ನಾನೂ ತಿರುಗಿ ಬೈಯುತ್ತಿದ್ದೆ.

ಹಾನಗಲ್ಲಿನ ಮಕ್ಕಳು, ಅಬಲೂರಿನ ಮಕ್ಕಳು, ನಮ್ಮ ಸವಣೂರಿನ ಮಕ್ಕಳು, ಎಲ್ಲರ ಗಾಡಿಯನ್ನೂ ಒಂದು ಕಪ್ ಚಹಾ ಕುಡಿದು ಎದ್ದು ಬರುವಷ್ಟರಲ್ಲಿ ನಾನು ಕಳೆದಿದ್ದೆ. ಆ ವಾರ ಗಾಡಿಯಲ್ಲಿ ಮಕ್ಕಳ ಮುಖ ನೋಡಲಾಗಲಿಲ್ಲ. ಡ್ರೈವರನನ್ನು ಬೈಯಲೂ ಮನಸ್ಸಾಗಲಿಲ್ಲ. ಅವನೇ ಹೆದರಿ "ಆರಾಮ ಅದೀರೇನ್ರೀ?" ಎಂದು ಕೇಳಿದ.

ದುಂಡಸಿಗೆ ಹೋಗಿ ಹೇಳಿದೆ. ಹುಡುಗಿಯ ಅವ್ವ ಲಟಪಟ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಮೇಲೆ ಎಗರುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: "ನಾ ಏನರ ತಪ್ಪು ಹೇಳಿದ್ನೇನ್ರೀ?"

"ಇಲ್ಲವಾ. ನಾನ..." ಎಂದೆ.

"ಹೋಗ್ಲಿ ಬಿಡ್ರಿ" ಎಂದಳು. "ಬಸ್ಸಿನ್ಯಾಗ ಬರ್ತೇನಿ ಅಂತ ಅವರ ಮುಂದ ಹೇಳೀನಿ. ಬಂದ ಬರ್ತೇನಿ."

ಗಾಡಿ ಇನ್ನೂ ಇತ್ತು, ತಿಂಗಳು ಮುಗಿದಿರಲಿಲ್ಲ. ಆದರೂ ರೂಢಿಯಾಗಲಿ ಎಂದು ಅವಳು ಆ ವಾರವೇ ಬಸ್ಸಿಗೆ ಹೊರಟಳು. ಮೂರ್ಖತನ ಎಂದು ಬೈದೆ, ಕೇಳಲಿಲ್ಲ. ಕೊನೆಗೆ ನಾನೂ ದುಂಡಸಿಗೆ ಹೋಗಿ ಅವರ ಜತೆ ಹತ್ತಿದೆ. ಬಸ್ಸು ಬಂದಾಗಲೇ ಬಾಗಿಲ ತನಕ ಹೆಂಗಸರು, ಹಾಲಿನ ಕ್ಯಾನು, ಕಾಲೇಜು ಹುಡುಗಿಯರ ಬ್ಯಾಗು. ಹತ್ತು ವರ್ಷ ದಾಟುತ್ತಿದ್ದ ಆ ಹುಡುಗಿಯನ್ನು ಅವಳು ಸೊಂಟದ ಮೇಲೆ ಹೊತ್ತು ಹತ್ತಿದಳು. ಮಡಚದ ಕಾಲು ಎದುರಿಗೆ ಚಾಚಿಕೊಂಡು ಯಾರ ಬೆನ್ನಿಗೋ ತಾಗಿತು. "ಕಾಲ ತಗೀರಬೇ ಸ್ವಲ್ಪ" ಎಂದಳೊಬ್ಬಳು, ನೋಡಿ ಸುಮ್ಮನಾದಳು. ಒಬ್ಬ ಅಜ್ಜಿ ಎದ್ದು ಸೀಟು ಕೊಟ್ಟಳು, ಆದರೆ ಆ ಸೀಟಿನಲ್ಲಿ ಹುಡುಗಿ ಕೂಡುವುದು ಹೇಗೆ? ಕಾಲು ಮುಂದಿನ ಸೀಟಿಗೆ ಬಡಿಯುತ್ತದೆ. ಬಸ್ಸು ಕುಲುಕಿದಾಗೆಲ್ಲ ಭಯಕ್ಕೆ ಅವಳ ಮೈ ಇನ್ನಷ್ಟು ಸೆಟೆದುಕೊಂಡಿತು. ಅವ್ವನ ಕೊರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ದಾರಿಯ ಮಧ್ಯೆ ಹುಡುಗಿಗೆ ತಡೆಯಲಾಗಲಿಲ್ಲ. ಅವ್ವನ ಸೀರೆ, ಬಸ್ಸಿನ ನೆಲ ಒದ್ದೆಯಾಯಿತು.

ಅವ್ವ ಮಗಳನ್ನು ನನ್ನ ತೋಳಿಗೆ ಕೊಟ್ಟು, ಬಗ್ಗಿ, ತನ್ನ ಸೆರಗಿನಿಂದ ನೆಲ ಒರೆಸಿದಳು. ಶಾಲು ತೆಗೆದು ಹುಡುಗಿಯ ಸೊಂಟಕ್ಕೆ ಸುತ್ತಿದಳು. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು, ಯಾರೂ ತನ್ನನ್ನು ನೋಡದಿರಲಿ ಎಂದು. ಶಿಗ್ಗಾವಿಯಲ್ಲಿ ಇಳಿದಾಗ ಅವ್ವ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ದೊಡ್ಡಾಕಿ ಆಗಾಕತ್ತಾಳ. ಆಕಿಗೆ ಭಾಳ ನಾಚಿಕಿ ಐತಿ."

"ಖುದಾನ ಆಣೆ, ಇಲ್ಲವಾ" ಎಂದೆ. ಕೇಳದಿದ್ದರೂ ಆಣೆ ಹಾಕಿದೆ. ಆ ದಿನ ಡಾಕ್ಟರಮ್ಮ ಎಷ್ಟು ನೀವಿದರೂ ಹುಡುಗಿಯ ಕಾಲು ಸಡಿಲವಾಗಲಿಲ್ಲ. ಕಂಬಿಯ ಹತ್ತಿರಕ್ಕೂ ಒಯ್ಯಲಾಗಲಿಲ್ಲ. "ಬಂದ್ವಲ್ರೀ ಅಂತೂ" ಎಂದು ಅವ್ವ ಮಾತ್ರ ನಕ್ಕಳು.

ನಾನು ಮೇಡಂಗೆ ಫೋನು ಹಚ್ಚಿದೆ. ಅವತ್ತು ಆ ತಾಯಿ ಹೇಳಿದ್ದು ನಿಜವಲ್ಲ, ಗಾಡಿ ಬೇಕೇ ಬೇಕು ಎಂದೆ. ಆ ಕಡೆಯಿಂದ ಮೇಡಂ ಕೇಳಿದರು: ನಾನು ಎರಡು ಸಲ ಕೇಳಿದೆ, ಎರಡು ಸಲವೂ ನೀವೇ ಹೌದು ಎಂದಿರಿ, ಹಾಗಾದರೆ ಸುಳ್ಳು ಹೇಳಿದ್ದು ಅವರೋ ನೀವೋ? ಬೈಯುವ ದನಿಯಲ್ಲ. ನೊಂದ ದನಿ. ಬಂದವರ ಮುಂದೆ ಇಲ್ಲ ಎನ್ನುವುದು ನಮ್ಮಲ್ಲಿ ಇಲ್ಲ ಮೇಡಂ ಎಂದೆ. ನನ್ನ ಕಿವಿಗೇ ಅದು ಕುಂಟುನೆಪದ ಹಾಗೆ ಕೇಳಿಸಿತು. ಕೊನೆಗೆ ಅವರು, ನಾನು ನಮ್ಮ ದೊಡ್ಡ ಸಾಹೇಬರನ್ನೇ ಕರೆತರುತ್ತೇನೆ, ಆದರೆ ನಿಮ್ಮ ಮಾತು ಸಾಕು, ಈ ಸಲ ಆ ತಾಯಿಯ ಬಾಯಿಂದಲೇ ಕೇಳಬೇಕು ಎಂದರು. ಕನ್ನಡ ಬಲ್ಲ ಸಾಹೇಬರು ಅವರು.

ನಾನು ಮತ್ತೆ ಒಲೆಯ ಪಕ್ಕ ಕೂತೆ. ಈಗ ತಿರುಗಾಮುರುಗಾ ಪಾಠ. "ನೋಡವಾ, ಕುರ್ಚಿ ತರಬ್ಯಾಡ. ಚಾ ಮಾಡಬ್ಯಾಡ. ಹಳೇ ಸೀರಿ ಉಟಗೊಂಡಿರು. ಕೇಳಿದ್ರ, ಗಾಡಿ ಇಲ್ಲಂದ್ರ ಆಗಂಗಿಲ್ರೀ ಅಂತ ಹೇಳಿಬಿಡು. ಅಷ್ಟ."

ಅವಳು ನನ್ನನ್ನೇ ನೋಡಿದಳು. "ಮನಿಗೆ ಬಂದವರಿಗೆ ಚಾ ಕೊಡಬ್ಯಾಡ ಅಂತೀರೇನ್ರೀ?"

"ಹೂಂ."

"ನೀವು ನಿಮ್ಮ ಮನ್ಯಾಗ ಹಂಗ ಮಾಡ್ತೀರೇನು?"

ನಾನು ಗದರಿದೆ. "ಮಗಳು ನಿಲ್ಲಬೇಕೋ ಬ್ಯಾಡೋ?" ಎಂದೆ. ಅವಳು ತಲೆ ತಗ್ಗಿಸಿ "ಹೇಳ್ತೇನ್ರಿ" ಎಂದಳು.

ಮೇಡಂ ಸಾಹೇಬರನ್ನು ಕರೆತಂದ ದಿನ ಅಂಗಳದಲ್ಲಿ ರಂಗೋಲಿ ಇರಲಿಲ್ಲ. ಹಳೆಯ ಸೀರೆಯನ್ನೇ ಉಟ್ಟಿದ್ದಳು. ಸದ್ಯ ಎಂದು ಉಸಿರು ಬಿಟ್ಟೆ. ಆದರೆ ಅವರು ಹೊಸ್ತಿಲು ದಾಟಿ ನಿಂತದ್ದೇ ತಡ, ನಿಂತ ಮೆಹಮಾನರನ್ನು ನೋಡಲು ಅವಳಿಂದ ಆಗಲಿಲ್ಲ. "ಬರ್ರಿ, ಕುಂದರ್ರಿ" ಎಂದವಳೇ ಎದುರು ಮನೆಗೆ ಓಡಿದಳು. ಕುರ್ಚಿ ಬಂದವು. ಕುರ್ಚಿಯ ಹಿಂದೆ ಎದುರು ಮನೆಯ ಹೆಂಗಸು ಕಪ್ಪು-ಬಸಿ ಹಿಡಿದು ಬಂದಳು, ಅವಳ ಹಿಂದೆ ಇನ್ನಿಬ್ಬರು. ಚಹಾವೂ ಆಯಿತು. ಹುಡುಗಿ ಗೋಡೆಗೆ ಒರಗಿ ಕೂತು, ನನ್ನನ್ನು ನೋಡಿ ಎಂದಿನಂತೆ ಹಲ್ಲು ಬಿಟ್ಟಳು.

ಸಾಹೇಬರು ಕನ್ನಡದಲ್ಲೇ ಕೇಳಿದರು: "ಅಮ್ಮಾ, ಗಾಡಿ ಇಲ್ಲದಿದ್ದರೆ ನಿಮಗೆ ಕಷ್ಟವೇ? ಸಂಕೋಚ ಬೇಡ, ಹೇಳಿ."

ಅವಳು ಬಾಗಿಲಲ್ಲಿದ್ದ ಹೆಂಗಸರ ಕಡೆ ನೋಡಿದಳು. ಕೈಯಲ್ಲಿದ್ದ ತಟ್ಟೆಯ ಕಡೆ ನೋಡಿದಳು. ಬಾಯಿ ತೆರೆದಳು. ನನಗೆ ಗೊತ್ತಾಯಿತು, ಬರುವುದು ಅದೇ ಮಾತು ಎಂದು.

"ಏನೂ ತೊಂದ್ರಿ ಇಲ್ರಿ..." ಎಂದಳು.

ನನ್ನ ತಲೆ ಕೆಟ್ಟುಹೋಯಿತು. "ಸುಳ್ಳು ಸಾಹೇಬ್ರ, ಶುದ್ಧ ಸುಳ್ಳು!" ಎಂದು ಎದ್ದು ನಿಂತೆ. "ಈ ಕುರ್ಚಿ ಈಕಿವಲ್ಲ, ಈ ಕಪ್ಪು-ಬಸಿ ಈಕಿವಲ್ಲ, ಈ ಚಾದ ಸಕ್ಕರಿನೂ ಕಡಾ ತಂದಿದ್ದು. ಬರ್ರಿ, ಡಬ್ಬಿ ತಗದು ತೋರಸ್ತೇನಿ. ತವರಾಗ ಕರಿಯಂಗಿಲ್ಲ, ಅತ್ತಿ ಮಾತಾಡ್ಸಂಗಿಲ್ಲ. ಬಸ್ಸಿನ್ಯಾಗ ಬರ್ತಾಳಂತ! ಬಂದಿದ್ಲು, ನಾನ ಜೋಡಿ ಇದ್ದೆ. ಆ ಹುಡುಗಿ ಹೆದರಿ ಬಸ್ಸಿನ್ಯಾಗ ಉಚ್ಚಿ ಹೊಯ್ಕೊಂಡ್ಲು. ಈಕಿ ತನ್ನ ಸೆರಗಿಲೆ ಬಸ್ಸಿನ ನೆಲ ಒರಸಿದ್ಲು. ಏನೂ ತೊಂದ್ರಿ ಇಲ್ಲಂತ!"

ಇಷ್ಟನ್ನೂ ಹೇಳಿ, ಉಸಿರು ತೆಗೆದುಕೊಳ್ಳಲು ನಿಂತಾಗ ಬಾಗಿಲಲ್ಲಿದ್ದ ಹೆಂಗಸರು ನೆಲ ನೋಡುತ್ತಿದ್ದರು. ಮೇಡಂ ಸಾಹೇಬರ ಮುಖ ನೋಡುತ್ತಿದ್ದರು. ಆಗ ನನಗೆ ನೆನಪಾಯಿತು, ಹುಡುಗಿಗೆ ಎಲ್ಲವೂ ಅರ್ಥವಾಗುತ್ತದೆ ಎಂದು. ತಿರುಗಿ ನೋಡಿದೆ. ಅವಳ ಹಲ್ಲು ಒಳಗೆ ಹೋಗಿದ್ದವು. ಸೆಟೆದ ಕೈಯಿಂದ ಕೌದಿಯ ಅಂಚನ್ನು ಹಿಡಿಯಲು ನೋಡುತ್ತಿದ್ದಳು. ಹಿಡಿತಕ್ಕೆ ಬರುತ್ತಿರಲಿಲ್ಲ. ಅವ್ವ ತಟ್ಟೆಯನ್ನು ಕೆಳಗಿಟ್ಟು, ಹೋಗಿ, ಕೌದಿಯನ್ನು ಮಗಳ ಮುಖದ ಮೇಲೆ ತಾನೇ ಎಳೆದಳು. ಆಮೇಲೆ ಬಂದು ತಟ್ಟೆ ಎತ್ತಿಕೊಂಡಳು.

"ಚಾ ಆರಾಕತ್ತೈತಿ, ಕುಡೀರಿ" ಎಂದಳು ಸಾಹೇಬರಿಗೆ.

ಗಾಡಿ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಸಂಬಂಧ ಇನ್ನೂ ಬಹಳ ವರ್ಷ ನಡೆಯಲಿ ಎಂದು ಸಾಹೇಬರು ಹೇಳಿದರಂತೆ. ಸರ್ ನನ್ನನ್ನು ಎಲ್ಲರ ಮುಂದೆ ಹೊಗಳಿದರು. "ಅಕ್ಕಾರ ಬಾಯಿ ಇರಲಿಲ್ಲಂದ್ರ ಗಾಡಿ ಹೋಗಿತ್ತು ನೋಡ್ರಿ" ಎಂದರು. ಯಾರೋ ಸವಣೂರಿನಿಂದ ಖಾರದ ಪೊಟ್ಟಣ ತರಿಸಿದರು. ನನ್ನ ಪಾಲನ್ನು ಡ್ರೈವರನಿಗೆ ಕೊಟ್ಟೆ. ಹಾನಗಲ್ಲಿನ ತಾಯಂದಿರು, ಹಿರೇಕೆರೂರಿನ ತಾಯಂದಿರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅವರಿಗೆ ಏನು ಹೇಳಲಿ ನಾನು? ಆ ದಿನ ಸುಮ್ಮನಿದ್ದಿದ್ದರೆ ಇವರೆಲ್ಲರ ಮಕ್ಕಳು ಮಲಗಿಬಿಡುತ್ತಿದ್ದರು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ನಿಜ. ಆದರೆ ಗಾಡಿಯ ಮಾತಿಗೆ ಸಕ್ಕರೆಯ ಡಬ್ಬಿ ಯಾಕೆ ಬೇಕಿತ್ತು, ತವರಿನ ಸುದ್ದಿ ಯಾಕೆ ಬೇಕಿತ್ತು? ಒಲೆಯ ಪಕ್ಕ ಕೇಳಿದ್ದನ್ನೆಲ್ಲ ಬೀದಿಗೆ ಸುರಿದುಬಿಟ್ಟೆ. ಆಣೆ ಬೇರೆ ಹಾಕಿದ್ದೆ.

ದುಂಡಸಿಯ ಅವ್ವ-ಮಗಳು ವಾರ ತಪ್ಪಿಸಲಿಲ್ಲ. ಹುಡುಗಿ ಗಾಡಿಯ ಹಾಸಿಗೆಯ ಮೇಲೆ ಮಲಗಿ ಬರುತ್ತಾಳೆ, ಮತ್ತೆ ಕಂಬಿಯ ನಡುವೆ ನಿಲ್ಲುತ್ತಾಳೆ. ನಾನು ಡ್ರೈವರನನ್ನು ಬೈದು ನೋಡಿದೆ, ಬೇಕೆಂದೇ, ಎರಡು ಮಾತು ಹೆಚ್ಚು. ಅವಳು ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ಅವ್ವನಿಗೆ ಒಂದು ದಿನ ಕೇಂದ್ರದ ಜಗಲಿಯಲ್ಲಿ ಹೇಳಿದೆ: "ನಂದು ತಪ್ಪಾತವಾ."

"ಅಯ್ಯ, ಹಂಗ್ಯಾಕಂತೀರಿ?" ಎಂದಳು. "ನಿಮ್ಮಿಂದ ಗಾಡಿ ಉಳೀತ್ರಿ."

ಮೊನ್ನೆ ಮತ್ತೆ ದುಂಡಸಿಗೆ ಹೋಗಿದ್ದೆ. ಹುಡುಗಿಗೆ ಮನೆಯಲ್ಲಿ ಹಿಡಿದು ನಿಲ್ಲಲು ಗೋಡೆಗೆ ಒಂದು ಕಂಬಿ ಹಾಕಿಸಬೇಕಿತ್ತು, ಅಳತೆ ನೋಡಲು. ಎಂದಿನಂತೆ ಚಪ್ಪಲಿ ಬಿಟ್ಟು ಒಲೆಯ ಕಡೆ ನಡೆದೆ. ಅವಳು ಅಡ್ಡ ಬಂದು, ನಗುತ್ತಾ, "ಬರ್ರಿ ಬರ್ರಿ, ಇಲ್ಲೇ ಕುಂದರ್ರಿ" ಎಂದಳು. ನಾನು ಏನಾದರೂ ಹೇಳುವುದರೊಳಗೆ ಓಡಿ ಹೋಗಿ ಎದುರು ಮನೆಯಿಂದ ಕೆಂಪು ಕುರ್ಚಿ ತಂದು ಬಾಗಿಲ ಹತ್ತಿರ ಹಾಕಿದಳು. ಸೆರಗಿನಿಂದ ಒರೆಸಿದಳು. ಚೊಂಬಿನಲ್ಲಿ ನೀರು ತಂದಳು, ತಟ್ಟೆಯಲ್ಲಿ ಬೆಲ್ಲ ತಂದಳು. ಸ್ಟೀಲ್ ಲೋಟ ಒಲೆಯ ಪಕ್ಕದಲ್ಲೇ ಬೋರಲು ಇತ್ತು, ನನಗೆ ಕಾಣಿಸುತ್ತಿತ್ತು. ಚಹಾ ಬಂದದ್ದು ಹೂವಿನ ಚಿತ್ರದ ಕಪ್ಪು-ಬಸಿಯಲ್ಲಿ.

"ಇದೆಲ್ಲ ಯಾಕವಾ ನನಗ?" ಎಂದೆ.

"ಇರಲಿ ಕುಡೀರಿ."

ಅವಳ ಗಂಡನ ಬೆನ್ನು ಹೇಗಿದೆ ಎಂದು ಕೇಳಿದೆ. ಆರಾಮ ಅದಾರ್ರಿ ಎಂದಳು. ಅತ್ತೆ? ಚಲೋ ಅದಾರ್ರಿ. ಕೂಲಿ ಕೆಲಸ ಸಿಗುತ್ತಿದೆಯೇ? ಸಿಗ್ತೈತ್ರಿ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು, ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅದನ್ನು ಕೇಳಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು "ಏನೂ ತೊಂದ್ರಿ ಇಲ್ರಿ ಅಕ್ಕಾರ, ನಿಮ್ಮ ದಯಾದಿಂದ ನಮಗೇನೂ ಕೊರತಿ ಇಲ್ರಿ" ಎಂದಳು.

ಹುಡುಗಿ ಗೋಡೆ ಹಿಡಿದು ನಿಂತಿದ್ದಳು, ನನಗೆ ಬೆನ್ನು ಮಾಡಿ, ನೆಟ್ಟಗೆ. ನಾನು ಕುರ್ಚಿಯ ಮೇಲೆ ಕೂತು ಬಸಿಗೆ ಚಹಾ ಸುರಿದುಕೊಂಡು ಕುಡಿದೆ. ಬಹಳ ಚಲೋ ಆಗೈತಿ ಎಂದೆ.